ಮಡಿಕೆ ಉರುಳಿದ್ದು ಹೇಗೆ

ನಮ್ಮ ಕಚೇರಿಯಲ್ಲಿ ಶಾಂತಕುಮಾರ ಅಂದರೆ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುವುದಿಲ್ಲ. ಎಕ್ಸ್‌ಪ್ರೆಸ್ ಅಂದರೆ ಗೇಟಿನ ಚಹಾದವನೂ ಮೂಲೆಯ ಮೇಜಿನ ಕಡೆ ಬೆರಳು ತೋರಿಸುತ್ತಾನೆ. ಕಚೇರಿ ಆಳಂದದ್ದು. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಸೋಮವಾರವೇ ನನ್ನ ಮೇಜಿಗೆ ನೋಟಿಸು ಬರುತ್ತದೆ.

ಎಂಟು ವರ್ಷದ ಹಿಂದೆ ಸೆಪ್ಟೆಂಬರ್ ಹದಿನೇಳರ ವಿಮೋಚನಾ ದಿನದ ಧ್ವಜಾರೋಹಣಕ್ಕೆ ನಾವೆಲ್ಲ ಸಾಲಾಗಿ ನಿಂತಿದ್ದೆವು. ಬಾವುಟ ಏರಿ ಅರ್ಧ ತಾಸಾಗಿತ್ತು, ಸಾಹೇಬರ ಭಾಷಣ ಇನ್ನೂ ನಿಜಾಮನ ಕಾಲ ದಾಟಿರಲಿಲ್ಲ. ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನ ಎದುರು ಸುಸಲಾ, ಮಿರ್ಚಿ ಭಜಿ ತಿಂದಿದ್ದ ಶಾಂತಕುಮಾರರು ಒಮ್ಮೆಲೇ ಸಾಲು ಬಿಟ್ಟು ಕಟ್ಟಡದ ಹಿಂದಿನ ಕಕ್ಕಸಿನ ಕಡೆ ಓಡಿದರು. ಅರ್ಧ ದಾರಿಯಲ್ಲಿ ನಿಂತುಬಿಟ್ಟರು. ಇನ್ನು ಓಡುವುದರಲ್ಲಿ ಅರ್ಥವಿಲ್ಲವೆಂದು ಅವರಿಗೂ ಗೊತ್ತಾಗಿತ್ತು, ನಮಗೂ ಕಾಣುತ್ತಿತ್ತು. ಆಗ ಒಂದು ದನಿ ಎದ್ದಿತು: "ಎಕ್ಸ್‌ಪ್ರೆಸ್ ಹೋತ್ರಿ, ಸ್ಟೇಷನ್ ಬರೂದ್ರಾಗ ಖಾಲಿ ಆತು." ಆ ದನಿ ನನ್ನದು.

ನನ್ನ ನಾಲಿಗೆ ಚೂಪು. ಅನುರಾಧಾ ಮೇಡಂ ಇಟ್ಟ ಹೆಸರು ಅಳಿಸುವುದಿಲ್ಲ ಎಂದು ಕಚೇರಿಯಲ್ಲಿ ಮಾತಿತ್ತು, ಅದರ ಬಗ್ಗೆ ನನಗೆ ಜಂಬವೂ ಇತ್ತು. ಒಂದು ವರ್ಷ ಆಯುಧಪೂಜೆಗೆ ಶಾಂತಕುಮಾರರ ಮಗಳು ಸೃಷ್ಟಿ ಬಂದಿದ್ದಳು, ಆರೋ ಏಳೋ ವರ್ಷದವಳು. ಪ್ರಸಾದ ಹಂಚುವಾಗ ಯಾರೋ ಎಕ್ಸ್‌ಪ್ರೆಸ್‌ಗೆ ಎರಡು ಪೇಢೆ ಕೊಡ್ರಿ ಅಂದರು. ಅದು ಯಾರು ಎಂದು ಆಕೆ ಅಪ್ಪನನ್ನೇ ಕೇಳಿದಳು. ಅವರು ರಜೆಯ ಮೇಲೆ ಇದ್ದಾರೆ ಎಂದು ಶಾಂತಕುಮಾರರು ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಮುಂದೆ ನನಗೆ ಆದದ್ದನ್ನು ಕೇಳಿ ಯಾರಾದರೂ ಅಯ್ಯೋ ಪಾಪ ಅನ್ನುವ ಮೊದಲು ನಾನು ಎಂಥವಳೆಂದು ಗೊತ್ತಿರಲಿ. ಇಷ್ಟು ಬರೆಯುವುದರಲ್ಲಿ ಎರಡು ಸಲ ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ಬಂದಿದ್ದೇನೆ. ಕೂತಲ್ಲಿ ಕೂರಲು ಆಗುವುದಿಲ್ಲ.

ಎರಡು ಸಾವಿರದ ಇಪ್ಪತ್ನಾಲ್ಕರ ಮೇ ತಿಂಗಳು, ಲೋಕಸಭೆ ಚುನಾವಣೆ. ನನಗೆ ಜೇವರ್ಗಿ ತಾಲ್ಲೂಕಿನಲ್ಲಿ ಡ್ಯೂಟಿ ಬಿತ್ತು. ಅಂದೋಲಾ ದಾಟಿ ಇನ್ನೂ ಒಳಗೆ ಒಂದು ಹಳ್ಳಿ, ಅಲ್ಲಿನ ಶಾಲೆಯೇ ಮತಗಟ್ಟೆ. ಹಳ್ಳಿಯ ಹೆಸರೂ ಬೇಡ ಬಿಡಿ. ನಾನು ಮೂರನೇ ಮತಗಟ್ಟೆ ಅಧಿಕಾರಿ. ಹೆಸರು ದೊಡ್ಡದು, ಕೆಲಸ ಗುಂಡಿ ಒತ್ತುವುದು. ಮತದಾರ ಚೀಟಿ ಕೊಟ್ಟಾಗ ನಾನು ಮೇಜಿನ ಮೇಲಿನ ಯಂತ್ರದ ಗುಂಡಿ ಒತ್ತಬೇಕು. ಆಮೇಲೆ ಅವರು ರಟ್ಟಿನ ಮರೆಗೆ ಹೋಗಿ ತಮಗೆ ಬೇಕಾದ ಗುಂಡಿ ಒತ್ತುತ್ತಾರೆ. ಆಗ ನನ್ನ ಯಂತ್ರ ಉದ್ದಕ್ಕೆ ಕೂಂ ಎನ್ನುತ್ತದೆ. ಆ ಸದ್ದು ಬಂದರೆ ಒಂದು ಮತ ಮುಗಿಯಿತು.

ನಮ್ಮ ಪ್ರಿಸೈಡಿಂಗ್ ಆಫೀಸರ್ ದೌಲತರಾಯರು ಅಫಜಲಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಚುನಾವಣೆಯ ಕೈಪಿಡಿ. ಕೆಟ್ಟವರಲ್ಲ. ಆದರೆ ಕೈಪಿಡಿಯಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಿದವರು. ಉಳಿದ ಇಬ್ಬರು ಅಧಿಕಾರಿಗಳು ಗಂಡಸರು, ಶಿಕ್ಷಕರು. ಒಬ್ಬರು ಹೆಸರು ಹುಡುಕುವವರು, ಒಬ್ಬರು ಬೆರಳಿಗೆ ಶಾಯಿ ಹಚ್ಚುವವರು.

ಹಿಂದಿನ ದಿನ ಮಧ್ಯಾಹ್ನ ಬಸ್ಸಿನಿಂದ ಇಳಿದ ಕೂಡಲೇ ನಾನು ನೋಡಿದ್ದು ಶೌಚಾಲಯ. ಇತ್ತು. ನೀಲಿ ಬಾಗಿಲು, ಅದರ ಮೇಲೆ ಎರಡು ಜಡೆಯ ಹುಡುಗಿಯ ಚಿತ್ರ, ಚಿತ್ರದ ಪಕ್ಕಕ್ಕೆ ಬೀಗ. ಚಾವಿ ಹೆಡ್‌ಮಾಸ್ತರರ ಹತ್ತಿರ. ಅವರು ಇನ್ನೊಂದು ತಾಲ್ಲೂಕಿಗೆ ಡ್ಯೂಟಿಗೆ ಹೋಗಿದ್ದರು. ಬಾಗಿಲ ಸಂದಿಯಲ್ಲಿ ಇಣುಕಿದರೆ ಒಳಗೆ ಎದೆಮಟ್ಟ ತೊಗರಿ ಕಟ್ಟಿಗೆ. ಬಿಸಿಯೂಟದ ಗ್ಯಾಸು ಮುಗಿದರೆ ಇರಲಿ ಎಂದು ತುಂಬಿಟ್ಟದ್ದಂತೆ. ದೌಲತರಾಯರ ಕೈಯಲ್ಲಿ ಮತಗಟ್ಟೆಯ ಸೌಲಭ್ಯಗಳ ಫಾರ್ಮ್ ಇತ್ತು: ನೆರಳು, ನೀರು, ಇಳಿಜಾರು, ಶೌಚಾಲಯ. ಎಲ್ಲದಕ್ಕೂ ರೈಟ್ ಗುರುತು ಹಾಕಿದರು. ಬೀಗದ ವಿಷಯ ಹೇಳಿದೆ. ಇದೆಯೇ ಎಂದು ಕೇಳಿದ್ದಾರೆ, ತೆರೆದಿದೆಯೇ ಎಂದು ಕೇಳಿಲ್ಲವಲ್ಲ ಎಂದರು.

ನನ್ನನ್ನು ಉಳಿಸಿದ್ದು ಕುಲಸುಮಬಿ. ಆ ಶಾಲೆಯ ಅಡುಗೆಯಾಕೆ, ಐವತ್ತು ದಾಟಿದವಳು, ಹದಿನೆಂಟು ವರ್ಷದಿಂದ ಅದೇ ಒಲೆಯ ಮುಂದೆ. ನಾನು ಬಾಗಿಲ ಸಂದಿಯಲ್ಲಿ ಇಣುಕುವುದನ್ನು ನೋಡಿ ಏನೂ ಕೇಳದೆ ಎರಡು ಓಣಿ ಆಚೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಹಿತ್ತಲಲ್ಲಿ ತಗಡಿನ ಬಾಗಿಲಿನ ಪಾಯಖಾನೆ, ಬಕೆಟ್ಟಿನ ತುಂಬ ನೀರು. ಸಂಜೆ ಅಲ್ಲೇ ಸ್ನಾನ ಮಾಡಿದೆ, ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡೆ, ಬೆಳಿಗ್ಗೆ ನಾಲ್ಕೂವರೆಗೆ ಮತ್ತೆ ಅಲ್ಲಿಗೇ ಹೋಗಿ ಬಂದೆ. ಆಮೇಲೆ ನೀರು ಬಾಯಿಗೆ ಹಾಕಲಿಲ್ಲ.

ಈ ನೀರು ಬಿಡುವ ವಿದ್ಯೆ ನನಗೆ ನನ್ನವ್ವ ಮಾಳಮ್ಮ ಕೊಟ್ಟದ್ದು. ಅವ್ವ ಬೇರೆಯವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದವಳು. ಬೆಳಕಾಗುವ ಮೊದಲೇ ಬಯಲಿಗೆ ಹೋಗಿ ಬಂದರೆ ಮತ್ತೆ ಕತ್ತಲಾಗುವವರೆಗೆ ಅವಳಿಗೆ ದೇಹವೇ ಇರಲಿಲ್ಲ. ಹೊರಗೆ ಹೋಗುವ ದಿನ ನೀರು ಮುಟ್ಟಬೇಡ ಎಂದು ನನ್ನ ತಲೆಗೆ ಬಾಚಣಿಗೆ ಹಾಕುವಾಗಲೆಲ್ಲ ಹೇಳುತ್ತಿದ್ದಳು. ನೌಕರಿ ಸಿಕ್ಕ ಮೇಲೂ ಪಾಲಿಸಿದೆ. ಅದರ ಇನಾಮಾಗಿ ಒಂದು ಸಲ ಕಿಡ್ನಿಯಲ್ಲಿ ಹರಳು ಬಂತು. ಎರಡು ಹೆರಿಗೆ ಆದಮೇಲೆ ಜೋರಾಗಿ ಸೀನಿದರೂ, ನಕ್ಕರೂ ಕಾಲು ಕೂಡಿಸಿಕೊಳ್ಳಬೇಕಾಗುತ್ತದೆ. ನನ್ನ ವಯಸ್ಸು ನಲವತ್ತಮೂರು. ಈ ಮಾತು ಓದುವ ಹೆಂಗಸರಲ್ಲಿ ಅರ್ಧ ಮಂದಿ ಈಗ ತಲೆ ಆಡಿಸುತ್ತಿದ್ದಾರೆ, ನನಗೆ ಗೊತ್ತು.

ಮಧ್ಯಾಹ್ನ ಒಂದಕ್ಕೆ ಬಿಸಿಲು ನಲವತ್ತಮೂರು ಡಿಗ್ರಿ ಮುಟ್ಟಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ನನ್ನ ಕಣ್ಣ ಮುಂದೆ ಯಂತ್ರದ ಕೆಂಪು ದೀಪ ಎರಡಾಗಿ ಕಂಡಿತು. ಬಾಗಿಲಲ್ಲಿ ಔಷಧಿ ಡಬ್ಬಿ ಇಟ್ಟುಕೊಂಡು ಕೂತಿದ್ದ ಆಶಾ ಕಾರ್ಯಕರ್ತೆ ದ್ರೌಪದಿ ಬಂದು ಕೈ ಹಿಡಿದು ನೋಡಿದಳು, ಬೈದಳು, ಓಆರ್‌ಎಸ್ ಪುಡಿ ಕಲಸಿದ ಒಂದು ಲೀಟರ್ ಬಾಟಲಿಯನ್ನು ಪೂರ್ತಿ ಕುಡಿಸಿಯೇ ಬಿಟ್ಟಳು. ಹಿಂದೆಯೇ ಕುಲಸುಮಬಿ ಎರಡು ಲೋಟ ಮಜ್ಜಿಗೆ ತಂದಳು. ನನ್ನ ಕುರ್ಚಿಯ ಹಿಂದೆ, ಕೈಗೆ ಸಿಗಲಿ ಎಂದು, ತನ್ನ ಮನೆಯ ಮಣ್ಣಿನ ಮಡಿಕೆಯಲ್ಲಿ ತಣ್ಣೀರು ತುಂಬಿ ಸ್ಟೂಲಿನ ಮೇಲೆ ಸಿಂಬಿ ಹಾಕಿ ಇಟ್ಟು ಹೋದಳು. ಅದನ್ನೂ ಒಂದು ಲೋಟ ಕುಡಿದೆ. ಜೀವ ಬಂತು.

ಎರಡೂವರೆಗೆ ಜೀವದ ಜೊತೆ ಇನ್ನೊಂದೂ ಬಂತು. ಮೊದಲು ಕಾಲ ಮೇಲೆ ಕಾಲು ಹಾಕಿದೆ. ಆಮೇಲೆ ಎಡಗಾಲು ಅಲುಗಿಸಿದೆ. ಆಮೇಲೆ ಎರಡೂ ಅಲುಗಿದವು. ದೌಲತರಾಯರನ್ನು ಕರೆದು ಹತ್ತು ನಿಮಿಷ ಬಿಡ್ರಿ, ಕುಲಸುಮಬಿ ಮನೆಗೆ ಹೋಗಿ ಬರುತ್ತೇನೆ ಎಂದೆ. ಸಾಲು ಕರಗಲಿ ಎಂದರು. ನೀವೇ ಗುಂಡಿ ಒತ್ತಿರಿ ಎಂದೆ. ತಾನು ಗುಂಡಿ ಒತ್ತಿದರೆ ಮೇಲ್ವಿಚಾರಣೆ ಯಾರು ಮಾಡಬೇಕು, ಯಂತ್ರದ ಅಧಿಕಾರಿ ಯಂತ್ರ ಬಿಟ್ಟು ಏಳಬಾರದೆಂದು ತರಬೇತಿಯಲ್ಲಿ ಹೇಳಿದ್ದಾರೆ ಎಂದರು. ಹೇಳಿ, ತಾವು ಹೊರಗೆ ಹೋದರು. ಅವರಿಗೆ ಸಕ್ಕರೆ ಕಾಯಿಲೆ. ಕಂಪೌಂಡಿನ ಗೋಡೆಯ ಹಿಂದೆ ಒಂದು ಜಾಲಿಗಿಡವಿತ್ತು, ಬೆಳಗಿನಿಂದ ಅದಕ್ಕೆ ಇವರದು ಒಂಬತ್ತನೇ ಭೇಟಿ. ನಾನು ಎಣಿಸುತ್ತಿದ್ದೆ. ಬೇರೆ ಏನು ಮಾಡಲಿ?

ಬಿಸಿಲು ಇಳಿದಂತೆ ಸಾಲು ಕರಗುವ ಬದಲು ಬೆಳೆಯಿತು. ಇಡೀ ಊರು ತಂಪು ಹೊತ್ತಿಗೇ ಕಾಯುತ್ತಿತ್ತು. ಮೂರೂವರೆಗೆ ಮತ್ತೆ ಕೇಳಿದೆ. ನಾಲ್ಕಕ್ಕೆ ಮೂರನೇ ಸಲ ಕೇಳಿದೆ. ಐದು ನಿಮಿಷ ಮೇಡಂ ಎಂದರು, ಎರಡೂ ಸಲ. ಶಾಲೆಯಲ್ಲಿದ್ದಾಗ ಕಿರುಬೆರಳು ತೋರಿಸಿ ಏಕಿ ಅಂದರೆ ಮಾಸ್ತರರು ಬಿಡುತ್ತಿದ್ದರು. ಸರ್ಕಾರಿ ಅಧಿಕಾರಿ ಆದಮೇಲೆ ಆ ಸೌಲಭ್ಯವೂ ಹೋಯಿತು. ಅಷ್ಟರಲ್ಲಿ ನನ್ನ ದೇಹ ಯಂತ್ರದ ಭಾಷೆ ಕಲಿತಿತ್ತು. ನಾನು ಗುಂಡಿ ಒತ್ತಿದಾಗ ಬಿಗಿ, ರಟ್ಟಿನ ಹಿಂದೆ ಮತದಾರ ತಡಮಾಡಿದಷ್ಟೂ ಬಿಗಿ, ಕೂಂ ಎಂದಾಗ ಸಡಿಲವಾಗಲು ನೋಡುತ್ತಿತ್ತು. ಆಗ ಹಲ್ಲು ಕಚ್ಚಿ ಮತ್ತೆ ಬಿಗಿ. ಮುನ್ನೂರು ಮತ ದಾಟಿದ ಮೇಲೆ ನನಗೆ ದೇಶದ ಭವಿಷ್ಯ ಗಿವಿಷ್ಯ ಏನೂ ಬೇಕಿರಲಿಲ್ಲ.

ನಾಲ್ಕೂಕಾಲಿಗೆ ಅಣ್ಣಾರಾಯ ಎಂಬ ಮುದುಕ ಬಂದರು. ಎಂಬತ್ತರ ಮೇಲೆ, ಬರಿಗಾಲು, ಕೈಯಲ್ಲಿ ಕೋಲು. ರಟ್ಟಿನ ಮರೆಯಲ್ಲಿ ಎಷ್ಟು ಹೊತ್ತು ನಿಂತರೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಕೊನೆಗೆ ಒತ್ತಿದರು. ಯಂತ್ರ ಕೂಂ ಎಂದಿತು. ಮರೆಯ ಮೇಲಿಂದ ಅವರ ರುಮಾಲು ಎದ್ದಿತು, ದನಿ ಬಂತು: "ನಂದು ಮುಗೀತ್ರಿ. ನಿಮ್ಮದ್ಯಾಕ ಇನ್ನೂ ಅಳಾಕತ್ತದ?"

ನಕ್ಕುಬಿಟ್ಟೆ. ತಡೆಯುವ ಮೊದಲೇ ನಕ್ಕುಬಿಟ್ಟೆ. ಎರಡು ತಾಸಿನ ಕಟ್ಟೆ ಒಡೆಯಿತು. ಪ್ಲಾಸ್ಟಿಕ್ ಕುರ್ಚಿಗೆ ನಡುವೆ ತಗ್ಗು ಇರುತ್ತದಲ್ಲ, ಮೊದಲು ಅದು ತುಂಬಿತು. ಆಮೇಲೆ ಅಂಚಿನಿಂದ ತೊಟ್ಟಿಕ್ಕಿ ನೆಲಕ್ಕೆ ಇಳಿಯಿತು. ಸುಮಾರು ಎರಡು ಕ್ಷಣ ನನಗೆ ಸ್ವರ್ಗಸುಖ, ಸುಳ್ಳು ಯಾಕೆ ಹೇಳಲಿ. ಮೂರನೇ ಕ್ಷಣಕ್ಕೆ ಶಾಂತಕುಮಾರರು ನೆನಪಾದರು. ಮೈದಾನದ ಮಧ್ಯೆ, ಎಲ್ಲರಿಗೂ ಬೆನ್ನು ತೋರಿಸಿ, ಅಲುಗದೆ ನಿಂತ ಶಾಂತಕುಮಾರರು. ಆಳಂದದಲ್ಲಿ ನನಗೆ ಯಾವ ಹೆಸರು ಕಾದಿದೆ ಎಂದು ಯೋಚಿಸಿದೆ, ನಾಲ್ಕು ಹೆಸರು ತಕ್ಷಣ ಹೊಳೆದವು. ನಾನೇ ಇಟ್ಟಿದ್ದರೆ ಎರಡನೆಯದನ್ನು ಇಡುತ್ತಿದ್ದೆ.

ಅಣ್ಣಾರಾಯರು ಬರಿಗಾಲಲ್ಲಿ ನನ್ನ ಮೇಜಿನ ಕಡೆಯೇ ಬರುತ್ತಿದ್ದರು. ನಾನು ಮೊಣಕೈ ಹಿಂದೆ ಒಯ್ದು ಮಡಿಕೆಯನ್ನು ತಳ್ಳಿದೆ. ಅಷ್ಟೇ. ಒಂದು ತಳ್ಳು.

ಮಡಿಕೆ ಒಡೆದು ನೀರು ಕೋಣೆಯ ತುಂಬ ಹರಿಯಿತು. ನನ್ನ ಸೀರೆ ಮೊಣಕಾಲಿನವರೆಗೆ ತೊಯ್ದಿತು. ಅದು ನಾನು ಬಯಸಿದ್ದು. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಯಂತ್ರದ ವೈರು. ನನ್ನ ಮೇಜಿನಿಂದ ರಟ್ಟಿನ ಮರೆಯವರೆಗೆ ಅದು ನೆಲದ ಮೇಲೇ ಹೋಗಿತ್ತು, ನೀರು ಅದರ ಗುಂಟವೇ ಹೋಯಿತು. ದೌಲತರಾಯರು ಮತದಾನ ನಿಲ್ಲಿಸಿದರು. ಎರಡೂ ಪಕ್ಷದ ಏಜೆಂಟರು ಬೆಂಚಿನಿಂದ ಎದ್ದು ಒಬ್ಬರ ಮೇಲೊಬ್ಬರು ಕೂಗಾಡಿದರು. ಯಂತ್ರ ಕೆಡಿಸಲು ಬೇಕೆಂದೇ ನೀರು ಚೆಲ್ಲಿದ್ದಾರೆ ಎಂದು ಒಬ್ಬ, ಚೆಲ್ಲಿಸಿದವರು ನೀವೇ ಎಂದು ಇನ್ನೊಬ್ಬ. ಮಡಿಕೆ ಯಾರದು ಎಂಬ ಪ್ರಶ್ನೆ ಬಂತು. ಮಡಿಕೆಯಾಕೆ ಅಷ್ಟು ಹೊತ್ತಿಗೆ ಗೋಣಿಚೀಲ, ಅರಿವೆ ಹಿಡಿದು ಓಡಿ ಬಂದಿದ್ದಳು.

ಕುಲಸುಮಬಿ ನೆಲಕ್ಕೆ ಕೂತು ಒರೆಸತೊಡಗಿದಳು. ಮೊದಲು ವೈರಿನ ಸುತ್ತ, ಆಮೇಲೆ ಮೇಜಿನ ಕೆಳಗೆ, ಆಮೇಲೆ ನನ್ನ ಕುರ್ಚಿಯ ಹತ್ತಿರ. ಅಲ್ಲಿ ಅವಳ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಯಂತ್ರವನ್ನು ನೋಡಿದೆ. ಆಕೆ ಹೊರಗೆ ಹೋಗಿ ಅರಿವೆ ಹಿಂಡಿ ಬಂದು ಅದೊಂದೇ ಜಾಗವನ್ನು ಇನ್ನೊಂದು ಸಲ ಒರೆಸಿದಳು. ಅಡುಗೆಯವಳ ಮೂಗು, ಮೂರು ಮಕ್ಕಳನ್ನು ಎತ್ತಿದ ಕೈ, ತಿಳಿಯದೆ ಇರುತ್ತದೆಯೇ? ಮೇಡಂ ಸೀರೆ ಪೂರಾ ತೊಯ್ದಿದೆ, ಬದಲಿಸಿಕೊಂಡು ಬರಲಿ ಎಂದು ದೌಲತರಾಯರಿಗೆ ಹೇಳಿದಳು. ಅವರು ಕೂಡಲೇ ಹೂಂ ಅಂದರು. ನೋಡಿ, ನೀರಿನಿಂದ ತೊಯ್ದ ಹೆಂಗಸಿಗೆ ಕೇಳಿದ ಮೊದಲ ಸಲಕ್ಕೇ ಹತ್ತು ನಿಮಿಷ ಸಿಕ್ಕಿತು. ಅದೇ ಹತ್ತು ನಿಮಿಷ. ಯಂತ್ರವನ್ನು ಯಾರು ನೋಡಿಕೊಳ್ಳಬೇಕೆಂದು ಆಗ ಯಾರೂ ಕೇಳಲಿಲ್ಲ.

ತಗಡಿನ ಬಾಗಿಲು ಮುಚ್ಚಿ ಕೂತೆ. ಒಂದು ಹನಿಯೂ ಬರಲಿಲ್ಲ. ಗೋಡೆಗೆ ಹಣೆ ಹಚ್ಚಿ ಅತ್ತೆ.

ವೈರಿಗೆ ಏನೂ ಆಗಿರಲಿಲ್ಲ. ಹದಿನೈದು ನಿಮಿಷಕ್ಕೆ ಮತದಾನ ಮತ್ತೆ ಶುರುವಾಯಿತು. ನಾನು ಕುಲಸುಮಬಿಯ ಅರಿಶಿನ ಬಣ್ಣದ ಸೀರೆ ಉಟ್ಟು, ಬೇರೆ ಕುರ್ಚಿಯ ಮೇಲೆ ಕೂತು ಗುಂಡಿ ಒತ್ತಿದೆ. ಆರು ಗಂಟೆಯವರೆಗೂ ಕಾಲು ನಿಲ್ಲಲಿಲ್ಲ, ಈಗ ಬೇರೆ ಕಾರಣಕ್ಕೆ. ಏಜೆಂಟರು ಸುಮ್ಮನಾಗಿರಲಿಲ್ಲ. ಪ್ರಿಸೈಡಿಂಗ್ ಆಫೀಸರರ ಹತ್ತಿರ ಒಂದು ಡೈರಿ ಇರುತ್ತದೆ, ದಿನದಲ್ಲಿ ನಡೆದದ್ದೆಲ್ಲ ಅದರಲ್ಲಿ ಬರೆದು ಸಹಿ ಮಾಡಿ ಯಂತ್ರದ ಜೊತೆ ಕೊಡಬೇಕು. ಅದರಲ್ಲಿ ಕುಲಸುಮಬಿಯ ಹೆಸರು ಬರೆಯಲೇಬೇಕೆಂದು ಇಬ್ಬರೂ ಮೊದಲ ಸಲ ಒಮ್ಮತಕ್ಕೆ ಬಂದಿದ್ದರು. ದ್ರೌಪದಿ ನನ್ನ ಕಿವಿಯಲ್ಲಿ ಹೇಳಿದಳು: ಹೆಸರು ಬಿದ್ದರೆ ಕುಲಸುಮಬಿಯ ಅಡುಗೆ ಕೆಲಸ ಹೋಯಿತೆಂದೇ ಲೆಕ್ಕ. ಆ ಜಾಗಕ್ಕೆ ಒಬ್ಬ ಏಜೆಂಟನ ನಾದಿನಿ ವರ್ಷದಿಂದ ಕಾಯುತ್ತಿದ್ದಾಳೆ. ಗೌರವಧನದ ಕೆಲಸ, ತೆಗೆಯಲು ಒಂದು ನೆಪ ಸಾಕು.

ನನ್ನ ಮನಸ್ಸು ಏನೇನು ವಾದ ಹೂಡಿತೆಂದು ಹೇಳಿಬಿಡುತ್ತೇನೆ. ಮಡಿಕೆ ಅಲ್ಲಿ ಇಟ್ಟವಳು ಆಕೆಯೇ ತಾನೇ? ಯಾರು ಇಡು ಅಂದರು? ಡೈರಿಯನ್ನು ಯಾರು ಓದುತ್ತಾರೆ? ಓದಿದರೂ ಒಂದು ವಾರಕ್ಕೆ ಮರೆಯುತ್ತಾರೆ. ನನ್ನದಾದರೆ ಎಂಟು ವರ್ಷಕ್ಕೂ ಮರೆಯುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದೊಂದು ವಾದವೂ ಸರಿಯಾಗಿಯೇ ಇತ್ತು. ಆದರೆ ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಮತ್ತೆ ಮತ್ತೆ ಮೊಣಕೈಯನ್ನೇ ಮುಟ್ಟಿಕೊಳ್ಳುತ್ತಿತ್ತು.

ಆರು ಗಂಟೆಗೆ ಗೇಟು ಹಾಕಿ, ಯಂತ್ರ ಮುಚ್ಚಿ, ಅರಗು ಹಾಕಿದೆವು. ದೌಲತರಾಯರು ಡೈರಿ ಬಿಡಿಸಿ, ಇತರೆ ಘಟನೆಗಳು ಎಂಬ ಕಲಮಿಗೆ ಬಂದು ಕುಲಸುಮಬಿಯನ್ನು ಕರೆಸಿದರು. ಏಜೆಂಟರು, ಪೊಲೀಸಪ್ಪ, ದ್ರೌಪದಿ, ಇಬ್ಬರು ಶಿಕ್ಷಕರು, ಎಲ್ಲರೂ ಮೇಜಿನ ಸುತ್ತ. ಮಡಿಕೆ ನಿನ್ನದೇ ಏನು ಎಂದು ಕೇಳಿದರು.

"ನಂದೇ ಸರ್. ನಾನೇ ಇಟ್ಟಿದ್ದೆ. ಇಡುವಾಗ ಸಿಂಬಿ ಸರಿ ಕುಂತಿರಲಿಕ್ಕಿಲ್ಲ, ಬರೀರಿ," ಎಂದಳು ಕುಲಸುಮಬಿ.

ಮಡಿಕೆ ಒಡೆದಾಗ ಆಕೆ ಕೋಣೆಯಲ್ಲೇ ಇರಲಿಲ್ಲ. ದೌಲತರಾಯರು ಪೆನ್ನಿನ ಮುಚ್ಚಳ ತೆಗೆದರು. ಸಹಿ ಮಾಡಲು ಬರುತ್ತದೆಯೇ ಎಂದು ಕೇಳಿದರು. ಆಕೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು. ಮಧ್ಯಾಹ್ನ ಆ ಕೈ ನನಗೆ ಮಜ್ಜಿಗೆ ಕೊಟ್ಟಿತ್ತು, ನನ್ನದನ್ನು ಒರೆಸಿತ್ತು, ಈಗ ನನ್ನ ಬದಲು ಒತ್ತಲು ಹೊರಟಿತ್ತು. ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಬಾಯಿ ತಾನಾಗಿ ತೆರೆಯಿತು.

"ಮಡಿಕಿ ಆಕಿ ಕೆಡವಿಲ್ರಿ, ನಾ ಕೆಡವೀನಿ," ಎಂದೆ. "ಕುಂತಲ್ಲೇ ನನಗ ಉಚ್ಚಿ ಆಗಿತ್ತು. ಅದು ಯಾರಿಗೂ ಕಾಣಬಾರದಂತ ಕೆಡವೀನಿ."

ನಾದಿನಿಯ ಏಜೆಂಟ ಮೊದಲು ನಕ್ಕ. ಅವನ ಹೆಂಡತಿಯನ್ನು ಎರಡು ಹೆರಿಗೆಗೂ ಆಸ್ಪತ್ರೆಗೆ ಕರೆದುಕೊಂಡು ಹೋದವಳು ದ್ರೌಪದಿ. ಅವನ ಕಡೆ ತಿರುಗಿ ಸುಮ್ಮನೆ ನೋಡಿದಳು, ನಗು ಅಲ್ಲೇ ನಿಂತಿತು. ಪೊಲೀಸಪ್ಪ ಕಿಟಕಿಯ ಹೊರಗೆ ಏನೋ ಹುಡುಕತೊಡಗಿದ.

"ಮೇಡಂ," ಎಂದರು ದೌಲತರಾಯರು, ವಿಭೂತಿಯ ಕೆಳಗೆ ಬೆವರು ಇಳಿಯುತ್ತಿತ್ತು, "ಇದನ್ನ ಹೆಂಗ ಬರೀಲ್ರಿ?"

"ಆದಂಗ ಬರೀರಿ."

ಅನಾರೋಗ್ಯದ ನಿಮಿತ್ತ ಎಂದು ಬರೆಯುತ್ತೇನೆ ಎಂದರು. ನನಗೆ ಯಾವ ರೋಗವೂ ಇಲ್ಲ ಎಂದೆ. ಅನಿವಾರ್ಯ ಕಾರಣದಿಂದ ಎಂದರು. ಅನಿವಾರ್ಯ ಅಲ್ಲವೇ ಅಲ್ಲ, ಹತ್ತು ನಿಮಿಷ ಬಿಟ್ಟ ಕೂಡಲೇ ನಿವಾರಣೆ ಆಗುತ್ತಿತ್ತು ಎಂದೆ. ನೀರಿಗಿಳಿದ ಮೇಲೆ ಮಳೆಯೇನು ಚಳಿಯೇನು, ನನಗೆ ಧೈರ್ಯ ಬಂದುಬಿಟ್ಟಿತ್ತು. ಬೀಗದ ವಿಷಯವೂ ಬರೆಯಿರಿ, ತೊಗರಿ ಕಟ್ಟಿಗೆಯನ್ನೂ ಬರೆಯಿರಿ ಎಂದೆ. ಅದನ್ನು ಬರೆದರೆ ಹಿಂದಿನ ದಿನ ಫಾರ್ಮಿನಲ್ಲಿ ತಾವು ಹಾಕಿದ ರೈಟ್ ಗುರುತು ಸುಳ್ಳಾಗುತ್ತದೆಂದು ಅವರಿಗೆ ಹೊಳೆಯಿತು. ಪೆನ್ನು ಬಹಳ ಹೊತ್ತು ಗಾಳಿಯಲ್ಲಿ ನಿಂತಿತು. ನನಗೆ ಕೂರಲಾಗದೆ ಎದ್ದು ನಿಂತೆ.

ಬರೆದರು. ಓದಿ ಹೇಳದೆ ಒಪ್ಪುವುದಿಲ್ಲವೆಂದು ಏಜೆಂಟರು ಪಟ್ಟು ಹಿಡಿದರು, ಅದಕ್ಕೇ ದೌಲತರಾಯರು ಎದ್ದು ನಿಂತು ಕ್ಲಾಸಿನಲ್ಲಿ ಪಾಠ ಓದುವ ದನಿಯಲ್ಲಿ ಓದಿದರು: ಮತಗಟ್ಟೆಯಲ್ಲಿ ಶೌಚಾಲಯ ಇದೆ, ಬೀಗ ಹಾಕಿದೆ, ಒಳಗೆ ತೊಗರಿ ಕಟ್ಟಿಗೆ ಇದೆ. ಮೂರನೇ ಮತಗಟ್ಟೆ ಅಧಿಕಾರಿಗೆ ಸಂಜೆ ನಾಲ್ಕೂಕಾಲಿಗೆ ಕುಳಿತಲ್ಲಿಯೇ ಮೂತ್ರವಿಸರ್ಜನೆ ಆಯಿತು. ಅದನ್ನು ಮರೆಮಾಡಲು ಸದರಿಯವರು ಮಡಿಕೆ ಉರುಳಿಸಿದರು. ಅಡುಗೆಯವರಾದ ಕುಲಸುಮಬಿ ಅವರ ತಪ್ಪು ಏನೂ ಇಲ್ಲ. ಇಷ್ಟಕ್ಕೆ ಮುಗಿಯಿತೆಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು ನಾನು ಹೇಳದೇ ಇದ್ದ ಒಂದು ಸಾಲನ್ನೂ ಓದಿದರು: ಸದರಿಯವರು ಮೂರು ಸಲ ಅನುಮತಿ ಕೇಳಿದ್ದರು, ನಾನು ಕೊಡಲಿಲ್ಲ. ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಆ ಮನುಷ್ಯನ ಮೇಲೆ ಬೆಳಗಿನಿಂದ ಕೂಡಿಟ್ಟ ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಅರ್ಧ ಈಗಲೂ ಇದೆ.

ಸಹಿ ಆಯಿತು. ಯಾರ ಹೆಬ್ಬೆರಳೂ ಬೇಕಾಗಲಿಲ್ಲ.

ಬಸ್ಸು ಹೊರಡುವಾಗ ಕುಲಸುಮಬಿ ಓಡಿ ಬಂದಳು. ನನ್ನ ಸೀರೆಯನ್ನು ಒಗೆದು, ಹಿಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿಯೊಳಗೆ ಕೊಟ್ಟಳು. ಉಟ್ಟ ಸೀರೆ ಕಳಿಸಿಕೊಡುತ್ತೇನೆ ಎಂದೆ. ಅವಳ ಮುಖದಲ್ಲಿ ಕೃತಜ್ಞತೆಯಲ್ಲ, ಸಿಟ್ಟು ಇತ್ತು.

"ಯಾಕ ಹೇಳಿದ್ರಿ ಅಕ್ಕಾ, ಅಷ್ಟು ಗಂಡಸರ ಮುಂದ," ಎಂದಳು. "ನಾ ಒರಸಿಬಿಟ್ಟಿದ್ನೆಲ್ಲ."

ಬಸ್ಸು ಹೊರಟಿತು. ಜೇವರ್ಗಿ ಮುಟ್ಟುವವರೆಗೆ ನಾನು ಆ ತೊಯ್ದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ.

ಕುಲಸುಮಬಿಯ ಕೆಲಸ ಹೋಗಲಿಲ್ಲ. ಜೂನಿನಲ್ಲಿ ಸೀರೆಯನ್ನು ಪಾರ್ಸೆಲ್ ಮಾಡಿ ಫೋನ್ ಮಾಡಿದಾಗ, ಯಾರೋ ಬಂದು ಶೌಚಾಲಯದ ಫೋಟೋ ತೆಗೆದುಕೊಂಡು ಹೋದರು, ಕಟ್ಟಿಗೆ ಹೊರಗೆ ಹಾಕಿಸಿದರು, ಚಾವಿ ಈಗ ತನ್ನ ಹತ್ತಿರವೇ ಇದೆ ಎಂದಳು. ಆದರೆ ಅದು ಆಮೇಲಿನ ಮಾತು. ಮತದಾನದ ಮರುದಿನ ಬೆಳಿಗ್ಗೆ ನನ್ನ ಮುಂದೆ ಇದ್ದದ್ದು ಆಳಂದದ ಕಚೇರಿ.

ಆ ಶಿಕ್ಷಕರಲ್ಲಿ ಒಬ್ಬರು ಆಳಂದದವರೇ. ಸುದ್ದಿ ನನಗಿಂತ ಮೊದಲು ಬಸ್ಸು ಇಳಿದಿರಬಹುದು, ಇಳಿಯದೆಯೂ ಇರಬಹುದು. ಗೇಟಿನಲ್ಲಿ ಚಹಾದವನು ನಮಸ್ಕಾರ ಎಂದದ್ದರಲ್ಲೂ ಏನೋ ಇದ್ದಂತೆ ಕೇಳಿಸಿತು. ಬ್ಯಾಗನ್ನು ಮೇಜಿನ ಮೇಲೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಆಮೇಲೆ ನೇರವಾಗಿ ಮೂಲೆಯ ಮೇಜಿಗೆ ಹೋದೆ. ಎಂಟು ವರ್ಷದಲ್ಲಿ ಮೊದಲ ಸಲ ಶಾಂತಕುಮಾರ ಸರ್ ಎಂದು ಕರೆದೆ. ನಾನು ಬೇರೆ ಯಾರನ್ನೋ ಕರೆದೆ ಎಂಬಂತೆ ಅವರು ಹಿಂದೆ ನೋಡಿದರು.

ನಿಂತುಕೊಂಡೇ ಎಲ್ಲ ಹೇಳಿದೆ. ಕುರ್ಚಿಯ ತಗ್ಗು, ಮಡಿಕೆ, ಡೈರಿ, ಯಾವುದನ್ನೂ ಬಿಡಲಿಲ್ಲ. ಹೆಸರಿಟ್ಟದ್ದು ನಾನು, ಸೃಷ್ಟಿ ಕೇಳಿದ ದಿನ ನಕ್ಕವರಲ್ಲಿ ನಾನೂ ಇದ್ದೆ, ತಪ್ಪಾಯಿತು ಎಂದೆ. ಅವರು ಫೈಲಿನ ದಾರವನ್ನು ಕಟ್ಟುತ್ತ, ಬಿಚ್ಚುತ್ತ ಕೇಳಿದರು. ನಗುತ್ತಾರೆಂದುಕೊಂಡೆ, ನಗಲಿಲ್ಲ. ಬೈಯುತ್ತಾರೆಂದುಕೊಂಡೆ, ಅದೂ ಇಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು, ಆ ದಿನ ನಾನು ಉಟ್ಟ ಸೀರೆ ಯಾವ ಬಣ್ಣದ್ದು ಎಂದು.

ಕಡುನೀಲಿ ಎಂದೆ.

ಶಾಂತಕುಮಾರರು ಫೈಲು ಮುಚ್ಚಿದರು.

"ನಂದು ಬಿಳಿ ಪ್ಯಾಂಟ್ ಇತ್ತ್ರಿ," ಎಂದರು.